ಮಾತು ನಿಂತ ಮೇಲೆ ಯಾರ ಮಾತು? ಮರೆವಿನ ಕಾಯಿಲೆಯ ಕೊನೆಯ ಹಂತ ಮತ್ತು ಚಿಕಿತ್ಸೆಯ ನಿರ್ಧಾರ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಾವು ನಗುತ್ತಲೇ ಹೇಳುತ್ತೇವೆ. ವಯಸ್ಸಾದವರ ಮರೆವು ಸಹಜ, ಅದರಿಂದ ಮನೆಯವರಿಗೆ ತುಸು ಕಿರಿಕಿರಿಯಾದೀತೇ ಹೊರತು ಪ್ರಾಣಾಪಾಯವಿಲ್ಲ ಎಂಬ ನಂಬಿಕೆ ಈ ನಗುವಿನ ಹಿಂದಿದೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಡಿಮೆನ್ಷಿಯಾ ಎಂದು ಕರೆಯಲಾಗುವ ಮರೆವಿನ ಕಾಯಿಲೆ, ಅದರಲ್ಲೂ ಅದರ ಅತಿ ಸಾಮಾನ್ಯ ರೂಪವಾದ ಆಲ್ಝೈಮರ್, ಮಿದುಳನ್ನು ಹಂತಹಂತವಾಗಿ ನಾಶಮಾಡುತ್ತಾ ಸಾವಿನಲ್ಲಿ ಕೊನೆಗೊಳ್ಳುವ ರೋಗ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ.

2016ರಲ್ಲಿ ತೆರೆಕಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ನಿರ್ವಹಿಸಿದ ಪಾತ್ರದ ಮೂಲಕ ಅನೇಕ ಕನ್ನಡಿಗರಿಗೆ ಈ ಕಾಯಿಲೆಯ ಪರಿಚಯವಾಯಿತು. ಆದರೆ ಆ ಪಾತ್ರ ನಡೆದಾಡುತ್ತದೆ, ಮಾತನಾಡುತ್ತದೆ. ಅದರ ನಂತರದ ವರ್ಷಗಳು ತೆರೆಯ ಮೇಲೆ ಬರುವುದು ಅಪರೂಪ. ಆ ವರ್ಷಗಳಲ್ಲಿ ರೋಗಿ ಹಾಸಿಗೆ ಹಿಡಿದಿರುತ್ತಾರೆ, ಹೆತ್ತ ಮಕ್ಕಳ ಗುರುತು ಸಿಗದು, ಬಾಯಿಗಿಟ್ಟ ತುತ್ತನ್ನು ನುಂಗಬೇಕೆಂಬುದೂ ನೆನಪಿರದು. ಮೂಗಿನಿಂದ ನಳಿಕೆ ಹಾಕಬೇಕೇ, ಜ್ವರ ಬಂದಾಗಲೆಲ್ಲ ಆಸ್ಪತ್ರೆಗೆ ಒಯ್ಯಬೇಕೇ, ಉಸಿರು ಕಟ್ಟಿದರೆ ವೆಂಟಿಲೇಟರ್ ಬೇಕೇ ಎಂಬ ಪ್ರಶ್ನೆಗಳನ್ನು ವೈದ್ಯರು ಆಗ ಮನೆಯವರ ಮುಂದಿಡುತ್ತಾರೆ. ಉತ್ತರ ಕೊಡಬೇಕಾದ ವ್ಯಕ್ತಿ ಎದುರಿಗೇ ಇದ್ದರೂ ಅವರನ್ನು ಕೇಳುವಂತಿಲ್ಲ. ಹೆಚ್ಚಿನ ಕುಟುಂಬಗಳು ಈ ಪ್ರಶ್ನೆಗಳನ್ನು ಮೊದಲ ಬಾರಿಗೆ ಕೇಳಿಸಿಕೊಳ್ಳುವುದೇ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ನಿಂತಾಗ.

ಕೊನೆಯ ಹಂತವೆಂದರೆ

ಆಲ್ಝೈಮರ್ ಕಾಯಿಲೆಯ ಪ್ರಗತಿಯನ್ನು ಅಳೆಯಲು ವೈದ್ಯರು ಬಳಸುವ ಏಳು ಹಂತಗಳ ಮಾಪಕದಲ್ಲಿ ಏಳನೆಯದೇ ಕೊನೆಯದು. ಈ ಹಂತದಲ್ಲಿ ರೋಗಿಯ ಮಾತು ದಿನಕ್ಕೆ ಐದಾರು ಪದಗಳಿಗೆ ಇಳಿಯುತ್ತದೆ. ಬಳಿಕ ನಡಿಗೆ ನಿಲ್ಲುತ್ತದೆ, ಆಸರೆಯಿಲ್ಲದೆ ಕುಳಿತುಕೊಳ್ಳುವುದು ಆಗುವುದಿಲ್ಲ, ಕಡೆಗೆ ನಗುವೂ ಮಾಯವಾಗುತ್ತದೆ.

ಈ ಹಂತವನ್ನು ಕುರಿತ ಅತ್ಯಂತ ಮುಖ್ಯ ಅಧ್ಯಯನವೊಂದು ಅಮೆರಿಕದ ಬಾಸ್ಟನ್ ಪ್ರದೇಶದ 22 ಆರೈಕೆ ಕೇಂದ್ರಗಳಲ್ಲಿ ನಡೆದು 2009ರಲ್ಲಿ ಪ್ರಕಟವಾಯಿತು. ವೈದ್ಯೆ ಸೂಸನ್ ಮಿಚೆಲ್ ನೇತೃತ್ವದ ತಂಡ 323 ರೋಗಿಗಳನ್ನು 18 ತಿಂಗಳ ಕಾಲ ಗಮನಿಸಿತು. ಆ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಅಂದರೆ ಶೇ 54.8ರಷ್ಟು ರೋಗಿಗಳು ತೀರಿಕೊಂಡರು. ಶೇ 85.8ರಷ್ಟು ಮಂದಿಗೆ ಊಟದ ತೊಂದರೆ ಕಾಣಿಸಿಕೊಂಡಿತು, ಶೇ 41.1ರಷ್ಟು ಮಂದಿಗೆ ನ್ಯುಮೋನಿಯಾ ಬಂತು. ಇವು ಆಕಸ್ಮಿಕ ತೊಡಕುಗಳಲ್ಲ, ರೋಗ ಮುಂದುವರಿಯುವ ದಾರಿಯೇ ಇದು ಎಂಬುದು ಆ ಅಧ್ಯಯನ ಕಂಡ ಸತ್ಯ.

ಇನ್ನೊಂದು ಅಂಶ ಇನ್ನೂ ಗಮನಾರ್ಹ. ಮರಣಹೊಂದಿದವರಲ್ಲಿ ಶೇ 40.7ರಷ್ಟು ಮಂದಿ ಕೊನೆಯ ಮೂರು ತಿಂಗಳಲ್ಲಿ ಆಸ್ಪತ್ರೆ ವಾಸ, ತುರ್ತು ವಿಭಾಗದ ಭೇಟಿ, ರಕ್ತನಾಳದ ಮೂಲಕ ದ್ರವ ಅಥವಾ ನಳಿಕೆಯ ಆಹಾರ ಇವುಗಳಲ್ಲಿ ಒಂದನ್ನಾದರೂ ಅನುಭವಿಸಿದ್ದರು. ಆದರೆ ಯಾವ ಮನೆಯವರಿಗೆ ‘ಇನ್ನು ಕೆಲವೇ ತಿಂಗಳು, ಮುಂದೆ ಬರುವ ತೊಂದರೆಗಳು ಇಂಥವು’ ಎಂಬ ತಿಳಿವಳಿಕೆ ಇತ್ತೋ ಅವರ ಹಿರಿಯರಿಗೆ ಈ ಹಿಂಸೆ ಬಹಳ ಕಡಿಮೆಯಾಗಿತ್ತು. ಅಂದರೆ ವ್ಯತ್ಯಾಸಕ್ಕೆ ಕಾರಣವಾದದ್ದು ಯಂತ್ರವಲ್ಲ, ವೈದ್ಯರು ಬಿಡಿಸಿ ಹೇಳಿದ ಮಾತು. ನಮ್ಮಲ್ಲಿ ‘ವಯಸ್ಸಾಗಿದೆ, ನೋಡೋಣ’ ಎಂಬಲ್ಲಿಗೇ ಆ ಮಾತು ಮುಗಿಯುವುದುಂಟು.

‘ಅನ್ನ ಹಾಕಲಿಲ್ಲ’ ಎಂಬ ಅಪವಾದ

ಎಲ್ಲ ನಿರ್ಧಾರಗಳಲ್ಲಿ ಅತ್ಯಂತ ಕಠಿಣವಾದದ್ದು ಆಹಾರದ ನಿರ್ಧಾರ. ರೋಗಿ ಬಾಯಿ ತೆರೆಯುವುದಿಲ್ಲ, ತುತ್ತನ್ನು ದವಡೆಯಲ್ಲೇ ಇಟ್ಟುಕೊಳ್ಳುತ್ತಾರೆ, ನುಂಗುವಾಗ ಕೆಮ್ಮುತ್ತಾರೆ, ತೂಕ ಇಳಿಯುತ್ತದೆ. ಆಗ ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಅಥವಾ ಹೊಟ್ಟೆಗೆ ರಂಧ್ರ ಮಾಡಿ ಕೂರಿಸುವ ‘ಪೆಗ್’ ನಳಿಕೆಯ ಸಲಹೆ ಬರುತ್ತದೆ. ಬೇಡ ಎನ್ನಲು ಯಾವ ಮಗನಿಗೂ ಬಾಯಿ ಬರುವುದಿಲ್ಲ. ಹೆತ್ತ ತಾಯಿಯನ್ನು ಉಪವಾಸ ಕೆಡವಿದರು ಎಂಬ ಮಾತನ್ನು ನೆಂಟರಿಷ್ಟರಿಂದ ಕೇಳುವುದಕ್ಕಿಂತ ದೊಡ್ಡ ಅಪವಾದ ನಮ್ಮ ಸಮಾಜದಲ್ಲಿ ಮತ್ತೊಂದಿಲ್ಲ. ಇದರ ಜೊತೆಗೆ 2007ರ ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆಯ ಪ್ರಕಾರ ಆಹಾರ ಮತ್ತು ಚಿಕಿತ್ಸೆ ಎರಡನ್ನೂ ಒದಗಿಸುವುದು ಮಕ್ಕಳ ಹೊಣೆ. ಆದ್ದರಿಂದ ನಳಿಕೆ ಬೇಡವೆಂದರೆ ಕಾನೂನಿನ ತೊಡಕು ಬಂದೀತೇ ಎಂಬ ಅಂಜಿಕೆಯೂ ಸೇರಿಕೊಳ್ಳುತ್ತದೆ.

ನಳಿಕೆಯಿಂದ ಏನಾಗುತ್ತದೆ ಎಂಬ ಬಗ್ಗೆ ಮೂರು ನಿರೀಕ್ಷೆಗಳಿರುತ್ತವೆ. ಆಯುಸ್ಸು ಹೆಚ್ಚುತ್ತದೆ, ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವುದು ತಪ್ಪುತ್ತದೆ, ಹಾಸಿಗೆ ಹುಣ್ಣು ಮಾಯುತ್ತದೆ ಎಂಬುವು ಅವು. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ಈ ಮೂರೂ ಈಡೇರುತ್ತವೆ ಎನ್ನಲು ಪುರಾವೆ ದೊರೆತಿಲ್ಲ. ಲಭ್ಯ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ, ನಳಿಕೆಯಿಂದ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಕಾಣಲಿಲ್ಲ. ಹಾಸಿಗೆ ಹುಣ್ಣಿನ ಅಪಾಯ ಹೆಚ್ಚಬಹುದು ಎಂದೂ ಹೇಳಿತು. ಜೊಲ್ಲು ಮತ್ತು ಹೊಟ್ಟೆಯಿಂದ ಮೇಲೆ ಬರುವ ದ್ರವ ಶ್ವಾಸಕೋಶಕ್ಕೆ ಹೋಗುವುದನ್ನು ಯಾವ ನಳಿಕೆಯೂ ತಡೆಯಲಾರದು. ಅಮೆರಿಕದ ವೃದ್ಧರೋಗ ತಜ್ಞರ ಸಂಘ 2014ರಲ್ಲಿಯೇ ಇಂಥ ರೋಗಿಗಳಿಗೆ ನಳಿಕೆಯನ್ನು ಶಿಫಾರಸು ಮಾಡುವುದಿಲ್ಲ ಎಂಬ ನಿಲುವು ತಳೆದಿದೆ. ನುಂಗುವ ತೊಂದರೆ ಪಾರ್ಶ್ವವಾಯುವಿನಿಂದ ಬಂದಿದ್ದರೆ ಅಥವಾ ತಾತ್ಕಾಲಿಕವಾಗಿದ್ದರೆ ಲೆಕ್ಕವೇ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಈ ಮಾತು ಅನ್ವಯಿಸುವುದು ಮರೆವಿನ ಕಾಯಿಲೆಯ ಅಂತಿಮ ಹಂತಕ್ಕೆ ಮಾತ್ರ.

ನಳಿಕೆಗೆ ಇನ್ನೊಂದು ಬೆಲೆಯೂ ಇದೆ. ಮೂಗಿನೊಳಗಿನ ಆ ವಸ್ತು ಏನೆಂದು ರೋಗಿಗೆ ತಿಳಿಯುವುದಿಲ್ಲ, ಅದನ್ನು ಕಿತ್ತುಹಾಕುತ್ತಾರೆ. ಮತ್ತೆ ಹಾಕಲಾಗುತ್ತದೆ, ಮತ್ತೆ ಕೀಳುತ್ತಾರೆ. ಕೊನೆಗೆ ಕೈಗಳನ್ನು ಮಂಚಕ್ಕೆ ಕಟ್ಟಲಾಗುತ್ತದೆ. ಯಾರಿಗಾಗಿ ಈ ಚಿಕಿತ್ಸೆ ಎಂಬ ಪ್ರಶ್ನೆಯನ್ನು ಕಟ್ಟಿದ ಕೈಗಳ ಮುಂದೆ ನಿಂತು ಕೇಳಿಕೊಳ್ಳಬೇಕಾಗುತ್ತದೆ.

ನಳಿಕೆ ಬೇಡವೆಂದರೆ ಉಪವಾಸ ಎಂದರ್ಥವಲ್ಲ. ತಜ್ಞರು ಹೇಳುವ ಪರ್ಯಾಯವೆಂದರೆ ಕೈತುತ್ತು. ರೋಗಿಯನ್ನು ನೆಟ್ಟಗೆ ಕೂರಿಸಿ, ಎಚ್ಚರವಾಗಿರುವ ವೇಳೆ ನೋಡಿ, ಚಿಕ್ಕ ಚಮಚದಲ್ಲಿ ಮೆತ್ತಗಿನ ಆಹಾರವನ್ನು ನಿಧಾನವಾಗಿ ಕೊಡುವುದು, ಒಂದು ತುತ್ತು ಇಳಿಯಿತೆಂದು ಖಾತ್ರಿಯಾದ ಮೇಲೆ ಇನ್ನೊಂದು, ಬೇಡವೆಂದು ಮುಖ ತಿರುಗಿಸಿದರೆ ನಿಲ್ಲಿಸುವುದು. ತೆಳ್ಳಗಿನ ನೀರಿಗಿಂತ ಮಂದವಾದ ರಾಗಿ ಗಂಜಿ ಕೆಲವರಿಗೆ ಸುಲಭವಾಗಿ ಇಳಿಯುತ್ತದೆ. ಹೊಟ್ಟೆ ತುಂಬಿಸುವುದಕ್ಕಿಂತ ಬಾಯಿಗೆ ರುಚಿಯನ್ನೂ ಜೀವಕ್ಕೆ ಹಿತವನ್ನೂ ನೀಡುವುದು ಇದರ ಗುರಿ. ಇದಕ್ಕೆ ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕಾದೀತು. ನಳಿಕೆಯಾದರೆ ಹತ್ತು ನಿಮಿಷದ ಕೆಲಸ. ನಳಿಕೆಯ ಪರವಾಗಿರುವ ಪ್ರಾಮಾಣಿಕ ವಾದ ಇದೊಂದೇ ಎಂದು ಕಾಣುತ್ತದೆ. ಮನೆಯಲ್ಲಿ ಒಬ್ಬಳೇ ಸೊಸೆ ಇದ್ದು ಅವಳೂ ಉದ್ಯೋಗಕ್ಕೆ ಹೋಗುವವಳಾದರೆ ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಸಾವು ಸಮೀಪಿಸಿದಾಗ ದೇಹ ಆಹಾರವನ್ನು ಬೇಡುವುದಿಲ್ಲ. ಹಸಿವು ನಿಂತದ್ದರಿಂದ ಸಾವು ಬರುವುದಲ್ಲ, ಸಾವು ಬರುತ್ತಿರುವುದರಿಂದ ಹಸಿವು ನಿಂತಿರುತ್ತದೆ. ತುಟಿ ಮತ್ತು ನಾಲಿಗೆಯನ್ನು ತೇವವಾಗಿಡುವುದು ಆಗ ಮಾಡಬಹುದಾದ ಉತ್ತಮ ಉಪಚಾರ. ಕೊನೆಗಾಲದಲ್ಲಿ ಬಾಯಿಗೆ ತುಳಸಿ ನೀರು ಬಿಡುವ ಸಂಪ್ರದಾಯದ ನಾಡಿಗೆ ಇದು ಹೊಸ ವಿಷಯವೇನಲ್ಲ. ಶ್ರವಣಬೆಳಗೊಳದ ಶಾಸನಗಳು ಹೇಳುವ ಸಲ್ಲೇಖನ ವ್ರತವನ್ನು ಕೆಲವರು ಈ ಸಂದರ್ಭದಲ್ಲಿ ಉದಾಹರಿಸುತ್ತಾರೆ. ಆದರೆ ಆ ವ್ರತ ಪೂರ್ಣ ಪ್ರಜ್ಞೆಯಿಂದ, ಸ್ವಂತ ಸಂಕಲ್ಪದಿಂದ ಕೈಗೊಳ್ಳುವಂಥದು. ಸಂಕಲ್ಪಶಕ್ತಿಯೇ ಇಲ್ಲದವರ ಪರವಾಗಿ ಮತ್ತೊಬ್ಬರು ಅದನ್ನು ಕೈಗೊಳ್ಳಲಾಗದು.

ಜ್ವರ, ಮೂಳೆ ಮುರಿತ, ನೋವು

‘ಏನೂ ಮಾಡಬೇಡಿ’ ಎಂಬುದು ಕೊನೆಯ ಹಂತದ ಆರೈಕೆಯ ಸೂತ್ರ ಎಂದು ತಿಳಿದರೆ ತಪ್ಪಾಗುತ್ತದೆ. ಹಾಸಿಗೆಯಲ್ಲೇ ಇರುವ ಅಜ್ಜಿಯ ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆ ಆಕೆಯನ್ನು ನಡೆಸದಿರಬಹುದು, ಆದರೆ ಮಗ್ಗುಲು ಬದಲಿಸುವಾಗಿನ ನೋವನ್ನು ಕಡಿಮೆ ಮಾಡೀತು. ಆಗ ಶಸ್ತ್ರಚಿಕಿತ್ಸೆಯೇ ಹಿತವಾದ ಆರೈಕೆಯಾಗಬಹುದು. ನ್ಯುಮೋನಿಯಾಕ್ಕೆ ಆ್ಯಂಟಿಬಯೋಟಿಕ್ ಔಷಧ ಆಯುಸ್ಸನ್ನು ಸ್ವಲ್ಪ ಕಾಲ ಹೆಚ್ಚಿಸಬಹುದು, ಆದರೆ ಚುಚ್ಚುಮದ್ದು ಮತ್ತು ಆಸ್ಪತ್ರೆಯ ಹಾಸಿಗೆಯೊಂದಿಗೆ ಬರುವ ಚಿಕಿತ್ಸೆ ಹಿತವನ್ನು ಕಸಿದುಕೊಳ್ಳಲೂಬಹುದು. ಮನೆಯಲ್ಲೇ ಬಾಯಿಯ ಮೂಲಕ ಔಷಧ, ಜ್ವರಕ್ಕೆ ಮಾತ್ರೆ, ಉಸಿರಾಟದ ಸಂಕಟಕ್ಕೆ ತಕ್ಕ ಉಪಶಮನ ಎಂಬ ಮಧ್ಯಮ ಮಾರ್ಗವೂ ಇದೆ. ಹೃದಯ ನಿಂತ ಮೇಲೆ ಎದೆ ಒತ್ತಿ ಮರಳಿಸುವ ಯತ್ನ ಮಾತ್ರ ಈ ರೋಗಿಗಳಲ್ಲಿ ಫಲಿಸುವುದು ತೀರಾ ವಿರಳ. ಪಕ್ಕೆಲುಬು ಮುರಿಯುವುದು ವಿರಳವಲ್ಲ. ಇಂಥ ಯತ್ನ ಮಾಡದಿರುವ ನಿರ್ಧಾರವನ್ನು ಹೇಗೆ ಚರ್ಚಿಸಿ ದಾಖಲಿಸಬೇಕು ಎಂಬ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ.

ನೋವಿನ ವಿಚಾರದಲ್ಲಿ ಆಗುವ ಅನ್ಯಾಯ ಸದ್ದಿಲ್ಲದ್ದು. ನೋವೆಂದು ಹೇಳಲಾಗದವರಿಗೆ ನೋವಿಲ್ಲವೆಂದೇ ಭಾವಿಸಲಾಗುತ್ತದೆ. ಚೀರಾಡಿದರೆ ‘ಕಾಯಿಲೆಯ ಹಟ’ ಎಂದು ಮತ್ತು ಬರಿಸುವ ಔಷಧ ಕೊಡಲಾಗುತ್ತದೆ. ಮರೆವಿನ ಕಾಯಿಲೆಯ ವೃದ್ಧರಲ್ಲಿ ಮನೋವಿಕಾರಕ್ಕೆ ಕೊಡುವ ಕೆಲವು ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದಾಗ ಶಾಂತವಾಗುತ್ತಾರೆಯೇ ಎಂಬ ಐದು ಅಂಶಗಳಿಗೆ ತಲಾ ಎರಡರವರೆಗೆ ಅಂಕ ಕೊಟ್ಟು ಹತ್ತಕ್ಕೆ ನೋವನ್ನು ಅಂದಾಜು ಮಾಡುವ ಸರಳ ಮಾಪಕವೊಂದಿದೆ. ಅದನ್ನು ಬಳಸಲು ಯಂತ್ರವೂ ಬೇಡ, ಹಣವೂ ಬೇಡ.

ನಿರ್ಧರಿಸುವವರು ಯಾರು?

ವೈದ್ಯಕೀಯ ನೀತಿಶಾಸ್ತ್ರ ಇಲ್ಲಿ ಕ್ರಮವೊಂದನ್ನು ಸೂಚಿಸುತ್ತದೆ. ರೋಗಿ ಮೊದಲೇ ಬರೆದಿಟ್ಟ ಇಚ್ಛೆ ಇದ್ದರೆ ಅದಕ್ಕೆ ಮೊದಲ ಸ್ಥಾನ. ಇಲ್ಲವಾದರೆ, ಬುದ್ಧಿ ನೆಟ್ಟಗಿದ್ದಾಗ ಅವರು ಏನು ಹೇಳುತ್ತಿದ್ದರು ಎಂದು ಅವರ ನಡೆನುಡಿಯಿಂದ ಊಹಿಸಬೇಕು. ಅದೂ ತಿಳಿಯದಿದ್ದರೆ ಅವರಿಗೆ ಯಾವುದು ಹಿತವೋ ಅದನ್ನು ಆರಿಸಬೇಕು. ‘ನೀವು ಏನು ಮಾಡಬೇಕೆಂದಿದ್ದೀರಿ’ ಎಂದು ವೈದ್ಯರು ಮಗನನ್ನು ಕೇಳುವುದು ವಾಡಿಕೆ. ಕೇಳಬೇಕಾದ ಪ್ರಶ್ನೆ ‘ನಿಮ್ಮ ತಾಯಿ ಏನೆನ್ನುತ್ತಿದ್ದರು’ ಎಂಬುದು. ಮೊದಲನೆಯ ಪ್ರಶ್ನೆ ಮಗನ ಮೇಲೆ ಸಾವಿನ ಹೊರೆ ಹೊರಿಸುತ್ತದೆ. ಎರಡನೆಯದು ತಾಯಿಯ ಮಾತನ್ನು ತಲುಪಿಸುವ ಕೆಲಸವನ್ನಷ್ಟೇ ಒಪ್ಪಿಸುತ್ತದೆ.

ಬರೆದಿಟ್ಟ ಇಚ್ಛೆಯೂ ಎಲ್ಲವನ್ನೂ ಬಗೆಹರಿಸುವುದಿಲ್ಲ. 1991ರಲ್ಲಿ ಅಮೆರಿಕದ ವೈದ್ಯ ವಿದ್ಯಾರ್ಥಿ ಆ್ಯಂಡ್ರ್ಯೂ ಫರ್ಲಿಕ್, ಮಾರ್ಗೋ ಎಂಬ ಆಲ್ಝೈಮರ್ ರೋಗಿಯ ಬಗ್ಗೆ ಬರೆದರು. ಆಕೆ ಪುಸ್ತಕದ ಪುಟಗಳನ್ನು ಗೊತ್ತುಗುರಿಯಿಲ್ಲದೆ ಮಗುಚುತ್ತಾ, ಚಿತ್ರ ಬಿಡಿಸುತ್ತಾ, ತಾನು ಕಂಡ ಅತ್ಯಂತ ಸಂತೋಷದ ಜೀವಿಗಳಲ್ಲಿ ಒಬ್ಬಳಾಗಿದ್ದಳು ಎಂದರು. ಇಂಥ ಮಾರ್ಗೋ ಹಿಂದೊಮ್ಮೆ ‘ಮರೆವು ಬಂದ ಮೇಲೆ ನನಗೆ ಚಿಕಿತ್ಸೆ ಬೇಡ’ ಎಂದು ಬರೆದಿಟ್ಟಿದ್ದರೆ? ಬರೆದ ಮಾತನ್ನೇ ಗೌರವಿಸಬೇಕು, ತನ್ನ ಬದುಕಿನ ಒಟ್ಟು ಅರ್ಥವನ್ನು ನಿರ್ಧರಿಸಿದ್ದು ಆ ಮಾರ್ಗೋ ಎಂದು ತತ್ವಜ್ಞಾನಿ ರೊನಾಲ್ಡ್ ಡ್ವರ್ಕಿನ್ 1993ರಲ್ಲಿ ವಾದಿಸಿದರು. ಎದುರಿಗಿರುವ, ನಗುತ್ತಿರುವ ಮಾರ್ಗೋಳ ಹಿತ ದೊಡ್ಡದು ಎಂದು ನ್ಯಾಯಶಾಸ್ತ್ರಜ್ಞೆ ರೆಬೆಕ್ಕಾ ಡ್ರೆಸರ್ 1995ರಲ್ಲಿ ಉತ್ತರಿಸಿದರು. ಈ ವಾದ ಇಂದಿಗೂ ಮುಗಿದಿಲ್ಲ.

ದಯಾಮರಣ ಕಾನೂನುಬದ್ಧವಾಗಿರುವ ನೆದರ್‌ಲ್ಯಾಂಡ್ಸ್‌ನಲ್ಲಿ ಇದು ನ್ಯಾಯಾಲಯವನ್ನೂ ಮುಟ್ಟಿತು. 2016ರಲ್ಲಿ 74 ವರ್ಷದ ಆಲ್ಝೈಮರ್ ರೋಗಿಯೊಬ್ಬರಿಗೆ, ಅವರು ಹಿಂದೆ ಬರೆದಿಟ್ಟ ಪತ್ರದ ಆಧಾರದ ಮೇಲೆ, ಕಾಫಿಯಲ್ಲಿ ಮತ್ತು ಬರಿಸುವ ಔಷಧ ಬೆರೆಸಿ ಮಾರಕ ಚುಚ್ಚುಮದ್ದು ನೀಡಲಾಯಿತು. ಮಧ್ಯದಲ್ಲಿ ಅವರು ಎದ್ದಾಗ ಮನೆಯವರೇ ಹಿಡಿದುಕೊಂಡರು. ವೈದ್ಯೆಯನ್ನು 2019ರಲ್ಲಿ ಕೆಳ ನ್ಯಾಯಾಲಯ ಖುಲಾಸೆಗೊಳಿಸಿತು, 2020ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಭಾರತದಲ್ಲಿ ಇಂಥ ಸಕ್ರಿಯ ದಯಾಮರಣ ಅಪರಾಧ. ನಮ್ಮ ಕಾನೂನು ಒಪ್ಪಿರುವುದು ಫಲವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದನ್ನು ಅಥವಾ ಹಿಂತೆಗೆದುಕೊಳ್ಳುವುದನ್ನು ಮಾತ್ರ.

ನಮ್ಮ ಮನೆಗಳ ತೊಡಕು ತತ್ವಜ್ಞಾನದ್ದಕ್ಕಿಂತ ಸರಳ. ಮೂರು ವರ್ಷ ಸ್ನಾನ ಮಾಡಿಸಿ, ಊಟ ಮಾಡಿಸಿ, ಬಟ್ಟೆ ಬದಲಿಸಿದ ಸೊಸೆಯನ್ನು ಯಾರೂ ಕೇಳುವುದಿಲ್ಲ. ವಿದೇಶದಿಂದ ಹಿಂದಿನ ರಾತ್ರಿ ಬಂದಿಳಿದ ಹಿರಿಯ ಮಗ ‘ಎಷ್ಟೇ ಖರ್ಚಾಗಲಿ, ಎಲ್ಲವನ್ನೂ ಮಾಡಿ’ ಎನ್ನುತ್ತಾನೆ. ದೂರವಿದ್ದ ಪಶ್ಚಾತ್ತಾಪ ವೆಂಟಿಲೇಟರ್‌ನ ರೂಪ ತಾಳುತ್ತದೆ. ಇದು ನಮ್ಮಲ್ಲಿ ಮಾತ್ರ ಇರುವ ರೂಢಿಯಲ್ಲ. ಉತ್ತರ ಅಮೆರಿಕದ ವೈದ್ಯರು ಇದಕ್ಕೆ ‘ಕ್ಯಾಲಿಫೋರ್ನಿಯಾದಿಂದ ಬಂದ ಮಗಳು’ ಎಂದು ಹೆಸರಿಟ್ಟು 1991ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬರೆದಿದ್ದಾರೆ. ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಅಷ್ಟೇ ನಿಜ. ಹಣ ಮುಗಿದ ಕುಟುಂಬ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ’ ಎಂಬ ಕಾಗದಕ್ಕೆ ಸಹಿ ಹಾಕಿ, ನೋವಿನ ಮಾತ್ರೆಯೂ ಇಲ್ಲದೆ ರೋಗಿಯನ್ನು ಮನೆಗೆ ಒಯ್ಯುತ್ತದೆ. ಇದನ್ನು ಕುಟುಂಬದ ನಿರ್ಧಾರ ಎಂದು ಕರೆಯುವುದು ಮಾತಿನ ದುರ್ಬಳಕೆ.

ಕಾನೂನು ನಡೆದು ಬಂದ ದಾರಿ

ಭಾರತದಲ್ಲಿ ಈ ಚರ್ಚೆಗೆ ದಾರಿ ಮಾಡಿದ ಪ್ರಕರಣಕ್ಕೆ ಕರ್ನಾಟಕದ ನಂಟಿದೆ. ಉತ್ತರ ಕನ್ನಡದ ಹಳದೀಪುರದಲ್ಲಿ ಜನಿಸಿದ ಅರುಣಾ ಶಾನಭಾಗ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್‌ನಲ್ಲಿ ಹಲ್ಲೆಗೊಳಗಾಗಿ ಮಿದುಳಿಗೆ ಪೆಟ್ಟಾದ ಅವರು 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯಲ್ಲಿದ್ದರು. ಅವರದು ಮರೆವಿನ ಕಾಯಿಲೆಯಲ್ಲ, ಆದರೆ ಪ್ರಶ್ನೆ ಇದೇ ಆಗಿತ್ತು: ಮಾತನಾಡಲಾಗದವರ ಪರವಾಗಿ ಯಾರು ಮಾತನಾಡಬೇಕು? ಲೇಖಕಿ ಪಿಂಕಿ ವಿರಾನಿ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿ, ದಶಕಗಳ ಕಾಲ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಅರುಣಾ ಅವರ ನಿಜವಾದ ಆಪ್ತರು ಎಂದಿತು. ಆರೈಕೆ ಮಾಡಿದವರ ಮಾತಿಗೆ ತೂಕ ಕೊಟ್ಟ ಆ ಭಾಗ, ಸೊಸೆಯಂದಿರ ಮಾತು ಬಂದಾಗಲೂ ನೆನೆಯತಕ್ಕದ್ದು. ಅದೇ ತೀರ್ಪು ಹೈಕೋರ್ಟ್ ಅನುಮತಿಯೊಂದಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಮೊದಲ ಬಾರಿಗೆ ಅವಕಾಶ ಕೊಟ್ಟಿತು.

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಸಂವಿಧಾನ ಪೀಠ, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಸಾರಿ, ‘ಲಿವಿಂಗ್ ವಿಲ್’ ಎಂದು ಹೆಸರಾದ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ನೀಡಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ನಿಯಮದಿಂದಾಗಿ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 2023ರ ಜನವರಿ 24ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಪೀಠ ನಿಯಮವನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಆ ನಿರ್ದೇಶನ ಜಾರಿಗೆ ಬರುವುದು ರೋಗಿ ಅಂತಿಮ ಸ್ಥಿತಿಯಲ್ಲಿದ್ದು, ಗುಣವಾಗುವ ಭರವಸೆಯಿಲ್ಲದೆ, ನಿರ್ಧರಿಸುವ ಶಕ್ತಿಯನ್ನೂ ಕಳೆದುಕೊಂಡಾಗ. ಚಿಕಿತ್ಸೆ ನೀಡುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ಅಭಿಪ್ರಾಯ ನೀಡುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರನ್ನು ಒಳಗೊಂಡ ದ್ವಿತೀಯ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಎರಡೂ ಮಂಡಳಿಗಳು ಸಾಧ್ಯವಾದ ಮಟ್ಟಿಗೆ 48 ಗಂಟೆಗಳೊಳಗೆ ಅಭಿಪ್ರಾಯ ತಿಳಿಸಬೇಕು. ಜಾರಿಗೊಳಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ಮಾಹಿತಿ ನೀಡಬೇಕು. ನಿರ್ದೇಶನ ಬರೆದಿಡದವರ ವಿಷಯದಲ್ಲೂ ಹತ್ತಿರದ ಬಂಧುಗಳ ಒಪ್ಪಿಗೆಯ ಮೇಲೆ ಇದೇ ಮಂಡಳಿಗಳ ದಾರಿ ತೆರೆದಿದೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಈ ವ್ಯವಸ್ಥೆಯನ್ನು ರಾಜ್ಯದಲ್ಲಿ ಜಾರಿಗೆ ತರಲು ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿಯೂ ಮುಂಗಡ ನಿರ್ದೇಶನ ಮತ್ತು ನಾಮನಿರ್ದೇಶಿತ ಪ್ರತಿನಿಧಿಯ ಅವಕಾಶವಿದೆ. ಅದು ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಸಂಬಂಧಿಸಿದ್ದು. ನಳಿಕೆ, ವೆಂಟಿಲೇಟರ್ ವಿಚಾರಕ್ಕೆ ಅದೇ ಸಾಕೆಂದು ತಿಳಿಯುವುದು ಸರಿಯಲ್ಲ. ಎರಡನ್ನೂ ಬೇರೆಬೇರೆಯಾಗಿಯೇ ಬರೆಯಬೇಕು.

ಬರೆಯುವ ಕಾಲ

ನಿರ್ದೇಶನವನ್ನು ಸ್ವಸ್ಥ ಮನಸ್ಸಿನ ವಯಸ್ಕರು ಮಾತ್ರ ಬರೆಯಬಹುದು. ಮರೆವಿನ ಕಾಯಿಲೆಯಲ್ಲಿ ಈ ಒಂದು ಷರತ್ತೇ ಎಲ್ಲವನ್ನೂ ನಿರ್ಧರಿಸುತ್ತದೆ. ಕ್ಯಾನ್ಸರ್ ರೋಗಿ ಕೊನೆಯ ವಾರಗಳಲ್ಲೂ ತನ್ನ ಇಚ್ಛೆ ಹೇಳಬಲ್ಲ. ಆಲ್ಝೈಮರ್ ರೋಗಿಗೆ ಆ ಸಮಯ ರೋಗ ಪತ್ತೆಯಾದ ಮೊದಲ ವರ್ಷಗಳಲ್ಲೇ ಕಳೆದುಹೋಗುತ್ತದೆ. ರೋಗ ಪತ್ತೆಯಾದ ಕೂಡಲೇ ಬುದ್ಧಿ ಹೋಯಿತೆಂದಲ್ಲ. ಹೆಸರು ಮರೆಯುವ, ಲೆಕ್ಕ ತಪ್ಪುವ ಆರಂಭದ ಹಂತದಲ್ಲಿ ಬಹಳ ಮಂದಿ ‘ನನ್ನನ್ನು ಯಂತ್ರಕ್ಕೆ ಹಾಕಬೇಡಿ’, ‘ಮನೆಯಲ್ಲೇ ಇರಲಿ’ ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲರು. ಆಗಲೇ ವೈದ್ಯರಿಂದ ನಿರ್ಧರಿಸುವ ಶಕ್ತಿ ಇದೆಯೆಂದು ದಾಖಲಿಸಿಕೊಂಡು ಬರೆಯುವುದು ಮುಂದಿನ ತಕರಾರುಗಳನ್ನು ತಪ್ಪಿಸುತ್ತದೆ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದಿಂದ ರೋಗ ಬೇಗ ಪತ್ತೆಯಾದರೆ, ಅದರ ದೊಡ್ಡ ಲಾಭಗಳಲ್ಲಿ ಇದೂ ಒಂದು.

ಪತ್ರದಲ್ಲಿ ‘ನನಗೆ ಯಾವ ಚಿಕಿತ್ಸೆಯೂ ಬೇಡ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಮಕ್ಕಳ ಗುರುತು ಸಿಗದಂತಾಗಿ ನುಂಗಲೂ ಆಗದ ಸ್ಥಿತಿ ಬಂದಾಗ ನಳಿಕೆ ಬೇಕೇ, ವೆಂಟಿಲೇಟರ್ ಬೇಕೇ, ಎದೆ ಒತ್ತುವುದು ಬೇಕೇ, ಸೋಂಕಿಗೆ ಆಸ್ಪತ್ರೆ ಬೇಕೇ ಎಂಬುದನ್ನು ಒಂದೊಂದಾಗಿ ಬರೆಯಬೇಕು. ನೋವಿನ ಉಪಶಮನ ಬೇಕು ಎಂಬುದನ್ನು ಬಿಡದೆ ಬರೆಯಬೇಕು. ತಮ್ಮ ಪರವಾಗಿ ಮಾತನಾಡುವವರು ಯಾರು ಎಂದು ಹೆಸರಿಸಬೇಕು. 2023ರ ಆದೇಶದ ಪ್ರಕಾರ ಒಬ್ಬರಿಗಿಂತ ಹೆಚ್ಚು ಮಂದಿಯನ್ನೂ ಹೆಸರಿಸಬಹುದು. ನಳಿಕೆಯನ್ನು ಒಮ್ಮೆ ಹಾಕಿದ ಮೇಲೆ ತೆಗೆಯುವುದು ಹಾಕದಿರುವುದಕ್ಕಿಂತ ನೈತಿಕವಾಗಿ ಬೇರೆಯಲ್ಲ ಎಂದು ನೀತಿಶಾಸ್ತ್ರ ಹೇಳಿದರೂ ತೆಗೆಸುವ ಮನಸ್ಸು ಯಾವ ಮನೆಯವರಿಗೂ ಸುಲಭವಾಗಿ ಬರುವುದಿಲ್ಲ. ಆದ್ದರಿಂದ ಹಾಕುವುದಾದರೆ ಎರಡು ವಾರವೋ ನಾಲ್ಕು ವಾರವೋ, ಯಾವ ಸುಧಾರಣೆ ಕಂಡರೆ ಮುಂದುವರಿಕೆ ಎಂಬುದನ್ನು ವೈದ್ಯರೊಂದಿಗೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಬರೆದ ಪತ್ರದ ಪ್ರತಿಯನ್ನು ಹೆಸರಿಸಿದ ಪ್ರತಿನಿಧಿಗಳಿಗೆ ಮತ್ತು ಕುಟುಂಬದ ವೈದ್ಯರಿಗೆ ಕೊಡಬೇಕು. ಇನ್ನೊಂದು ಪ್ರತಿ ಸ್ಥಳೀಯ ಸಂಸ್ಥೆಯ, ಅಂದರೆ ಮಹಾನಗರ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಗೊತ್ತುಪಡಿಸಿದ ಅಧಿಕಾರಿಯ ಸುಪರ್ದಿಗೆ ಹೋಗಬೇಕು. ಡಿಜಿಟಲ್ ಆರೋಗ್ಯ ದಾಖಲೆಯಲ್ಲಿ ಸೇರಿಸಲೂ ಅವಕಾಶವಿದೆ. ಮನಸ್ಸು ಬದಲಾದರೆ, ನಿರ್ಧರಿಸುವ ಶಕ್ತಿ ಇರುವವರೆಗೂ, ಲಿಖಿತವಾಗಿ ಅದನ್ನು ತಿದ್ದಬಹುದು ಅಥವಾ ರದ್ದುಪಡಿಸಬಹುದು. ಬೀರುವಿನ ಒಳಗೆ ಆಸ್ತಿಪತ್ರಗಳ ಕೆಳಗೆ ಬೀಗ ಹಾಕಿಟ್ಟ ನಿರ್ದೇಶನ ಮಾತ್ರ, ಮಧ್ಯರಾತ್ರಿ ಆಂಬುಲೆನ್ಸ್ ಬಂದು ನಿಂತಾಗ ಯಾರ ಕೈಗೂ ಸಿಗುವುದಿಲ್ಲ.